ಕೊಟ್ಟಂಗೋ, ಕಟ್ಟಿಹಾಕಿದಂಗೋ? ಕಂಪನಿ ಡೈರೆಕ್ಟರ್‌ಗಳಿಗೆ ಸಿಗುವ ‘ನಿರ್ಬಂಧಿತ ಷೇರು’

ಮಂಡ್ಯದ ಅಶೋಕನಗರದಲ್ಲಿ ನಮ್ಮ ಸೋದರಮಾವನ ಮನೆ. ಕೃಷಿ ವಿಜ್ಞಾನಿಯಾಗಿದ್ದು ನಿವೃತ್ತರಾದವರು. ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, ‘ಸ್ವಲ್ಪ ಬಂದು ಹೋಗಪ್ಪ, ಒಂದು ಕಾಗದ ನೋಡಬೇಕು’ ಅಂದರು. ನಾನು ಮೈಸೂರಿನ ಒಂದು ಆಡಿಟ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನೆಂಟರಿಷ್ಟರ ಮನೆಯ ಕಾಗದಪತ್ರಗಳೆಲ್ಲ ಒಂದಲ್ಲ ಒಂದು ದಿನ ನನ್ನ ಹತ್ತಿರ ಬರುತ್ತವೆ.

ಹೋದಾಗ ಅತ್ತೆ ಊಟದ ಮೇಜಿನ ಒಂದು ತುದಿಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದರು. ಇನ್ನೊಂದು ತುದಿಯಲ್ಲಿ 14 ಪುಟದ ಕಾಗದ ಹರಡಿಕೊಂಡು ಮಾವ ಕೂತಿದ್ದರು. ಅವರ ಹತ್ತಿರ ಹಿಂದೆ ಕಲಿತವರೊಬ್ಬರು ಈಗ ಅಮೆರಿಕದ ಬೀಜ ಕಂಪನಿಯೊಂದರಲ್ಲಿದ್ದಾರೆ. ಆ ಕಂಪನಿಯವರು ಮಾವನನ್ನು ಬೋರ್ಡಿಗೆ ಕರೆದಿದ್ದಾರೆ. ವರ್ಷಕ್ಕೆ ಇಷ್ಟು ನಗದು, ಜೊತೆಗೆ ‘ರಿಸ್ಟ್ರಿಕ್ಟೆಡ್ ಸ್ಟಾಕ್ ಅವಾರ್ಡ್’ ಅಂತ ಕಾಗದದಲ್ಲಿದೆ. ಪಕ್ಕದ ಮನೆಯವರಿಗೆ ಆಗಲೇ ಸುದ್ದಿ ಮುಟ್ಟಿತ್ತು, ಸಾಹೇಬ್ರಿಗೆ ಅಮೆರಿಕದಿಂದ ಅವಾರ್ಡ್ ಬಂದಿದೆಯಂತೆ ಅಂತ.

ಮಾವ ಆ ಮೂರು ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೇಳಿದರು: ‘ಅವಾರ್ಡು ಅಂತಾರೆ, ರಿಸ್ಟ್ರಿಕ್ಟೆಡ್ ಅಂತಾರೆ. ಇದೇನಪ್ಪ, ಕೊಟ್ಟಂಗೋ, ಕಟ್ಟಿಹಾಕಿದಂಗೋ?’

ಈ ಪ್ರಶ್ನೆ ಈಗ ಬರೀ ಅವರೊಬ್ಬರದಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಎಷ್ಟೋ ಮಕ್ಕಳ ಸಂಬಳದ ಪತ್ರದಲ್ಲಿ ಇಂಥ ಷೇರಿನ ಸಾಲು ಇರುತ್ತದೆ. ಸಣ್ಣ ಸ್ಟಾರ್ಟಪ್‌ಗಳು ನಿವೃತ್ತ ಅಧಿಕಾರಿಗಳನ್ನೂ ಪ್ರೊಫೆಸರ್‌ಗಳನ್ನೂ ಬೋರ್ಡಿಗೆ ಕರೆಯುತ್ತವೆ. ಆದ್ದರಿಂದ ಆ ದಿನ ಮಾವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಡೈರೆಕ್ಟರ್ ಅಂದ್ರೆ ಯಾರು?

ಮಂಡ್ಯ ಕಡೆಯವರಿಗೆ ಡೈರೆಕ್ಟರ್ ಅನ್ನೋ ಮಾತು ಹೊಸದಲ್ಲ. ಊರಿನ ಹಾಲಿನ ಡೇರಿಗೂ ಡೈರೆಕ್ಟರ್‌ಗಳಿದ್ದಾರೆ, ಸೊಸೈಟಿಗೂ ಇದ್ದಾರೆ. ಹಾಲು ಅಳೆಯುವುದು, ಫ್ಯಾಟ್ ನೋಡುವುದು, ಲೆಕ್ಕ ಬರೆಯುವುದು ಅವರ ಕೆಲಸವಲ್ಲ. ಅದಕ್ಕೆ ಸೆಕ್ರೆಟರಿ ಇದ್ದಾನೆ. ಡೈರೆಕ್ಟರ್‌ಗಳು ಮೀಟಿಂಗಿನಲ್ಲಿ ಕೂತು ದೊಡ್ಡ ತೀರ್ಮಾನ ಮಾಡುತ್ತಾರೆ, ಸೆಕ್ರೆಟರಿಯ ಲೆಕ್ಕ ಸರಿಯಿದೆಯಾ ಅಂತ ನೋಡುತ್ತಾರೆ. ಸದಸ್ಯರ ಪರವಾಗಿ ಕಣ್ಣಿಡುವುದೇ ಅವರ ಕೆಲಸ.

ಕಂಪನಿಯಲ್ಲೂ ಹಾಗೇ. ಮಾಲೀಕರು ಅಂದರೆ ಷೇರುದಾರರು. ಅವರು ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಜನ ಇರುತ್ತಾರೆ. ಎಲ್ಲರೂ ಬಂದು ಕಂಪನಿ ನಡೆಸೋಕಾಗಲ್ಲ. ಅದಕ್ಕೆ ಒಂದಷ್ಟು ಜನರನ್ನು ಆರಿಸಿ ಕೂರಿಸುತ್ತಾರೆ. ಆ ಗುಂಪಿಗೆ ಬೋರ್ಡ್ ಅಂತ ಹೆಸರು, ಅದರಲ್ಲಿರುವವರೇ ಡೈರೆಕ್ಟರ್‌ಗಳು. ನಮ್ಮ 2013ರ ಕಂಪನಿ ಕಾಯ್ದೆ ಪ್ರಕಾರ ಪಬ್ಲಿಕ್ ಕಂಪನಿಗೆ ಕನಿಷ್ಠ 3 ಜನ, ಪ್ರೈವೇಟ್ ಕಂಪನಿಗೆ 2 ಜನ ಡೈರೆಕ್ಟರ್‌ಗಳು ಬೇಕು.

ಇವರಲ್ಲಿ ಎರಡು ಬಗೆ. ಎಂಡಿ ಥರದವರು ಕಂಪನಿಯಲ್ಲೇ ದಿನಾ ದುಡಿದು ಸಂಬಳ ತಗೊಳ್ಳುತ್ತಾರೆ. ಇನ್ನು ಕೆಲವರು ಹೊರಗಿನವರು, ಮೀಟಿಂಗಿಗೆ ಮಾತ್ರ ಬರುತ್ತಾರೆ. ಹೊರಗಿನವರಲ್ಲೂ ಕಂಪನಿ ಜೊತೆ ವ್ಯವಹಾರ, ನೆಂಟಸ್ತಿಕೆ ಏನೂ ಇಲ್ಲದವರನ್ನು ಸ್ವತಂತ್ರ ನಿರ್ದೇಶಕರು ಅನ್ನುತ್ತಾರೆ. ನಮ್ಮಲ್ಲಿ ಷೇರುಪೇಟೆಯಲ್ಲಿರುವ ಪಬ್ಲಿಕ್ ಕಂಪನಿಯ ಬೋರ್ಡಿನಲ್ಲಿ ಕನಿಷ್ಠ ಮೂರನೇ ಒಂದು ಭಾಗ ಇಂಥವರೇ ಇರಬೇಕು. ಮಾವನನ್ನು ಕರೆದಿದ್ದೂ ಇಂಥದೇ ಕುರ್ಚಿಗೆ, ಆದರೆ ಅಮೆರಿಕದ ಕಂಪನಿಯಲ್ಲಿ.

ಇದು ಪ್ರಶಸ್ತಿ ಅಲ್ಲ, ಮಂಜೂರಾತಿ

ಗೊಂದಲ ಶುರುವಾಗುವುದೇ ‘ಅವಾರ್ಡ್’ ಅನ್ನೋ ಪದದಿಂದ. ಇಲ್ಲಿ ಅದಕ್ಕೆ ಪ್ರಶಸ್ತಿ ಅನ್ನೋ ಅರ್ಥ ಇಲ್ಲವೇ ಇಲ್ಲ. ನಮ್ಮ ಕಂದಾಯ ಇಲಾಖೆಯ ಮಾತಿನಲ್ಲಿ ಹೇಳಿದರೆ ಇದು ‘ಮಂಜೂರಾತಿ’.

ದರಖಾಸ್ತಿನಲ್ಲಿ ಮಂಜೂರಾದ ಜಮೀನನ್ನು ನೆನೆಸಿಕೊಳ್ಳಿ. ಸರ್ಕಾರ ಸಾಗುವಳಿ ಚೀಟಿ ಕೊಡುತ್ತದೆ. ಪಹಣಿಗೆ ನಿಮ್ಮ ಹೆಸರು ಬರುತ್ತದೆ. ಉಳಬಹುದು, ಬಿತ್ತಬಹುದು, ಬೆಳೆದ ರಾಗಿ, ಕಬ್ಬು ನಿಮ್ಮದೇ. ಆದರೆ ಚೀಟಿಯಲ್ಲೇ ಒಂದು ಷರತ್ತು ಬರೆದಿರುತ್ತದೆ: ಇಂತಿಷ್ಟು ವರ್ಷ ಪರಭಾರೆ ಮಾಡುವಂತಿಲ್ಲ. ಅಂದರೆ ಮಾರುವಂತಿಲ್ಲ, ಬೇರೆಯವರಿಗೆ ಬರೆದುಕೊಡುವಂತಿಲ್ಲ. ಷರತ್ತು ಮುರಿದರೆ ಸರ್ಕಾರ ಜಮೀನು ವಾಪಸ್ ತಗೊಳ್ಳಬಹುದು. ಅವಧಿ ಮುಗಿದ ಮೇಲೆ ಷರತ್ತು ಕಳಚುತ್ತದೆ.

ರಿಸ್ಟ್ರಿಕ್ಟೆಡ್ ಸ್ಟಾಕ್, ಅಂದರೆ ನಿರ್ಬಂಧಿತ ಷೇರು, ನಡೆಯುವುದು ಹೆಚ್ಚುಕಮ್ಮಿ ಹೀಗೇ. ಕಂಪನಿ ಇವತ್ತೇ ನಿಮ್ಮ ಹೆಸರಿಗೆ ಷೇರು ಹಾಕುತ್ತದೆ. ಷೇರುದಾರರ ಸಭೆಯಲ್ಲಿ ಆ ಷೇರಿಗೆ ಓಟು ಹಾಕಬಹುದು. ಕಂಪನಿ ಡಿವಿಡೆಂಡ್, ಅಂದರೆ ಲಾಭದಲ್ಲಿ ಪಾಲು, ಕೊಟ್ಟರೆ ಸಾಮಾನ್ಯವಾಗಿ ಅದೂ ನಿಮ್ಮದೇ, ಕೆಲವು ಕಂಪನಿಗಳು ಅದನ್ನು ಅವಧಿ ಮುಗಿಯುವವರೆಗೆ ಹಿಡಿದಿಡುತ್ತವೆ. ಆದರೆ ಷೇರನ್ನು ಮಾರುವ ಹಾಗಿಲ್ಲ, ಅಡ ಇಡುವ ಹಾಗಿಲ್ಲ. ನಡುವೆಯೇ ಬೋರ್ಡ್ ಬಿಟ್ಟರೆ ಷೇರು ಕಂಪನಿಗೆ ವಾಪಸ್.

ಈ ವ್ಯವಹಾರದಲ್ಲಿ ಎರಡು ಪದ ಪದೇಪದೇ ಬರುತ್ತವೆ. ಷೇರು ಮಂಜೂರಾದ ದಿನಕ್ಕೆ ‘ಗ್ರ್ಯಾಂಟ್’ ದಿನ ಅನ್ನುತ್ತಾರೆ. ಷರತ್ತು ಕಳಚಿ ಷೇರು ಪೂರ್ತಿ ನಿಮ್ಮದಾಗುವುದಕ್ಕೆ ‘ವೆಸ್ಟ್’ ಆಗುವುದು ಅನ್ನುತ್ತಾರೆ. ಅಮೆರಿಕದ ಕಂಪನಿಗಳಲ್ಲಿ ಹೊರಗಿನ ಡೈರೆಕ್ಟರ್‌ಗಳಿಗೆ ಕೊಡುವ ಷೇರು ಹೆಚ್ಚಾಗಿ ಒಂದು ವರ್ಷಕ್ಕೆ, ಇಲ್ಲವೇ ಮುಂದಿನ ವಾರ್ಷಿಕ ಸಭೆಯ ದಿನ ವೆಸ್ಟ್ ಆಗುತ್ತದೆ. ಒಂದು ವರ್ಷ ಡೈರೆಕ್ಟರ್ ಆಗಿದ್ದಕ್ಕೆ ಒಂದು ವರ್ಷದ ಷೇರು. ನೌಕರರಿಗೆ ಮಾತ್ರ ಇದು ಮೂರು, ನಾಲ್ಕು ವರ್ಷಕ್ಕೆ ಕಂತಿನಲ್ಲಿ ಹರಿದು ಬರುವುದೇ ಜಾಸ್ತಿ.

ಈಗ ಲೆಕ್ಕ ನೋಡೋಣ. ಅಂಕಿಗಳು ಅನುಕೂಲಕ್ಕೆ ಹಿಡಿದವು. ವರ್ಷಕ್ಕೆ 60,000 ಡಾಲರ್ ನಗದು, 1,20,000 ಡಾಲರ್ ಬೆಲೆಯ ಷೇರು ಅಂತ ಇಟ್ಟುಕೊಳ್ಳಿ. ಮಂಜೂರಾದ ದಿನ ಷೇರಿನ ಬೆಲೆ 40 ಡಾಲರ್ ಇದ್ದರೆ ಸಿಗುವುದು 3,000 ಷೇರು. ಇಲ್ಲಿಗೆ ಸಂಖ್ಯೆ ಗಟ್ಟಿಯಾಯಿತು. ವರ್ಷ ಮುಗಿಯುವ ಹೊತ್ತಿಗೆ ಬೆಲೆ 50 ಆದರೆ ಕೈಯಲ್ಲಿರುವುದು 1,50,000 ಡಾಲರ್. 25ಕ್ಕೆ ಇಳಿದರೆ 75,000. ಕಾಗದದಲ್ಲಿ 1,20,000 ಅಂತ ಬರೆದಿದ್ದರೂ ಅದು ಖಾತರಿ ಮೊತ್ತವಲ್ಲ. ಮಾವ ಆ ಅಂಕಿಯನ್ನು ಬ್ಯಾಂಕಿನ ಎಫ್‌ಡಿ ಥರ ನೋಡುತ್ತಿದ್ದರು. ಅದಕ್ಕೇ ಇದನ್ನು ಎರಡು ಸಲ ಹೇಳಿದೆ.

ಇದರ ದಾಯಾದಿಗಳು: ಆರ್‌ಎಸ್‌ಯು ಮತ್ತು ಆಪ್ಷನ್

ಇದೇ ಮನೆತನದ ಇನ್ನೆರಡು ಹೆಸರು ಜೊತೆಜೊತೆಗೇ ಕಿವಿಗೆ ಬೀಳುತ್ತವೆ. ಮೂರನ್ನೂ ಒಂದೇ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಆರ್‌ಎಸ್‌ಯು, ಅಂದರೆ ರಿಸ್ಟ್ರಿಕ್ಟೆಡ್ ಸ್ಟಾಕ್ ಯೂನಿಟ್, ಒಂದು ಮಾತು ಕೊಟ್ಟ ಹಾಗೆ. ‘ಇಷ್ಟು ವರ್ಷ ಇದ್ದರೆ ಆಗ ಷೇರು ಕೊಡುತ್ತೇವೆ’ ಅನ್ನುತ್ತದೆ ಕಂಪನಿ. ಅಲ್ಲಿವರೆಗೆ ಪಹಣಿಯಲ್ಲಿ ನಿಮ್ಮ ಹೆಸರಿಲ್ಲ. ಹಾಗಾಗಿ ಓಟೂ ಇಲ್ಲ. ನಮ್ಮ ಐಟಿ ಮಕ್ಕಳಿಗೆ ಸಿಗುವುದು ಹೆಚ್ಚಾಗಿ ಇದೇ. ಮೈಸೂರಿನಲ್ಲಿ ದೊಡ್ಡ ಕ್ಯಾಂಪಸ್ ಇರುವ ಇನ್ಫೋಸಿಸ್ ಕೂಡ ತನ್ನ ನೌಕರರಿಗೆ ಆರ್‌ಎಸ್‌ಯು ಕೊಡುತ್ತದೆ. ಪೇಟೆ ಬೆಲೆಯಲ್ಲ, ಷೇರಿನ ಮುಖಬೆಲೆ 5 ರೂಪಾಯಿಯನ್ನಷ್ಟೇ ಕಟ್ಟಿಸಿಕೊಂಡು ಷೇರು ಕೊಡುವ ಯೋಜನೆ ಅದು.

ಸ್ಟಾಕ್ ಆಪ್ಷನ್ ಸೈಟಿನ ಅಗ್ರಿಮೆಂಟ್ ಇದ್ದ ಹಾಗೆ. ಇವತ್ತಿನ ಬೆಲೆ ಗೊತ್ತುಮಾಡಿಕೊಳ್ಳುತ್ತೀರಿ. ಮುಂದೆ ಬೆಲೆ ಏರಿದರೆ ಹಳೇ ಬೆಲೆಗೇ ಕೊಳ್ಳುತ್ತೀರಿ. ಇಳಿದರೆ ಕೊಳ್ಳದೆ ಸುಮ್ಮನಿರುತ್ತೀರಿ. ಸೈಟಿಗಾದರೆ ಅಡ್ವಾನ್ಸ್ ಹೋಗುತ್ತದೆ, ಆಪ್ಷನ್‌ನಲ್ಲಿ ಅದೂ ಇಲ್ಲ.

ವ್ಯತ್ಯಾಸ ಇರುವುದೇ ಇಲ್ಲಿ. ಆಪ್ಷನ್ ಇಟ್ಟುಕೊಂಡವನಿಗೆ ಏರಿದರೆ ಲಾಭ, ಇಳಿದರೆ ಕೈಯಿಂದ ಏನೂ ಹೋಗಲ್ಲ. ಅಂಥವನಿಗೆ ದುಡುಕಿ ದೊಡ್ಡ ಸಾಹಸಕ್ಕೆ ಇಳಿಯುವ ಆಸೆ ಹುಟ್ಟಬಹುದು. ನಿರ್ಬಂಧಿತ ಷೇರು ಇರುವವನಿಗೆ ಷೇರುಪೇಟೆಯಲ್ಲಿ ದುಡ್ಡು ಹಾಕಿದವರ ಥರಾನೇ ಇಳಿದಾಗಲೂ ನೋವಾಗುತ್ತದೆ.

ಡೈರೆಕ್ಟರ್‌ಗೆ ಷೇರು ಯಾಕೆ ಕೊಡಬೇಕು? ದುಡ್ಡು ಕೊಟ್ಟರೆ ಸಾಲದಾ?

ಮಾವ ಕೇಳಿದ ಎರಡನೇ ಪ್ರಶ್ನೆ ಇದು.

ಬರೀ ಸಂಭಾವನೆ ತಗೊಳ್ಳುವ ಡೈರೆಕ್ಟರ್‌ಗೆ ಕಂಪನಿ ಬೆಳೆದರೂ ಅಷ್ಟೇ, ಕುಸಿದರೂ ಅಷ್ಟೇ. ಮೀಟಿಂಗಿಗೆ ಬಂದು, ಕಾಫಿ ಕುಡಿದು, ಸಹಿ ಹಾಕಿ ಹೋಗಬಹುದು. ಅವರದೂ ಒಂದು ಪಾಲು ಅಲ್ಲಿದ್ದರೆ ಲೆಕ್ಕದ ಹಾಳೆಯನ್ನು ಇನ್ನೊಂದು ಸಲ ತಿರುಗಿಸಿ ನೋಡುತ್ತಾರೆ ಅನ್ನುವುದು ವಾದ. ತನ್ನ ಕಬ್ಬೂ ಇರುವ ಗದ್ದೆಗೆ ನೀರು ಬಿಡುವವನು ರಾತ್ರಿ ಎದ್ದು ಹೋಗಿ ತೂಬು ನೋಡಿ ಬರುತ್ತಾನಲ್ಲ, ಹಾಗೆ.

ಅಮೆರಿಕದಲ್ಲಿ 1995ರಲ್ಲಿ ಕಂಪನಿ ಡೈರೆಕ್ಟರ್‌ಗಳ ರಾಷ್ಟ್ರೀಯ ಸಂಘವೇ ಒಂದು ಸಮಿತಿ ಮಾಡಿ, ಡೈರೆಕ್ಟರ್‌ಗಳಿಗೆ ಪಿಂಚಣಿಯಂಥ ಸವಲತ್ತು ಬಿಟ್ಟು ನಗದು ಮತ್ತು ಷೇರು ಮಾತ್ರ ಕೊಡಿ ಅಂತ ಶಿಫಾರಸು ಮಾಡಿತು. ಆಗಿನ್ನೂ ಆಪ್ಷನ್‌ಗಳದೇ ಕಾಲ. 2001–02ರಲ್ಲಿ ಎನ್ರಾನ್, ವರ್ಲ್ಡ್‌ಕಾಮ್ ಕಂಪನಿಗಳು ಲೆಕ್ಕ ತಿರುಚಿದ ಹಗರಣ ಹೊರಬಿತ್ತು. ಆಪ್ಷನ್ ಮೇಲೆ ಜನರಿಗೆ ಅನುಮಾನ ಹುಟ್ಟಿತು. 2003ರಲ್ಲಿ ಮೈಕ್ರೋಸಾಫ್ಟ್ ತನ್ನ ನೌಕರರಿಗೆ ಆಪ್ಷನ್ ಬದಲು ಷೇರನ್ನೇ ಕೊಡುವುದಾಗಿ ಹೇಳಿತು. 2004ರಲ್ಲಿ ಅಲ್ಲಿನ ಲೆಕ್ಕಪತ್ರದ ನಿಯಮ ಬದಲಾಯಿತು. ಆಪ್ಷನ್ ಕೊಟ್ಟರೂ ಅದನ್ನು ಖರ್ಚು ಅಂತ ತೋರಿಸಲೇಬೇಕಾಯಿತು. ಅಲ್ಲಿಂದ ಮುಂದೆ ಎಷ್ಟೋ ಕಂಪನಿಗಳು ನಿರ್ಬಂಧಿತ ಷೇರಿನ ಕಡೆ ತಿರುಗಿದವು, ಡೈರೆಕ್ಟರ್‌ಗಳ ವಿಷಯದಲ್ಲೂ.

ಎಷ್ಟೋ ಕಂಪನಿಗಳಲ್ಲಿ ಇನ್ನೊಂದು ನಿಯಮ ಇರುತ್ತದೆ. ಡೈರೆಕ್ಟರ್ ಆದವರು ಕೆಲವು ವರ್ಷಗಳಲ್ಲಿ ತಮ್ಮ ವಾರ್ಷಿಕ ನಗದಿನ ಇಷ್ಟು ಪಟ್ಟು ಬೆಲೆಯ ಷೇರು ಕೂಡಿಟ್ಟುಕೊಂಡಿರಬೇಕು. ಐದು ಪಟ್ಟು ಅನ್ನುವುದು ಸಾಮಾನ್ಯವಾಗಿ ಕಾಣುವ ಲೆಕ್ಕ. ಅಂದರೆ ವೆಸ್ಟ್ ಆದ ಮಾರನೇ ದಿನವೇ ಎಲ್ಲ ಮಾರಿ ದುಡ್ಡು ಮಾಡಿಕೊಳ್ಳೋಕಾಗಲ್ಲ.

ತನ್ನ ಕೂಲಿ ತಾನೇ ಗೊತ್ತುಮಾಡಿಕೊಂಡರೆ?

ಎಂಡಿಯ ಸಂಬಳ ಗೊತ್ತುಮಾಡುವುದು ಬೋರ್ಡ್. ಹಾಗಾದರೆ ಬೋರ್ಡಿನವರ ಸಂಭಾವನೆ ಗೊತ್ತುಮಾಡುವುದು ಯಾರು? ಅಮೆರಿಕದಲ್ಲಿ ಬಹಳ ಮಟ್ಟಿಗೆ ಅದೂ ಬೋರ್ಡೇ. ಷೇರುದಾರರು ಒಂದು ಯೋಜನೆಗೆ, ಒಂದು ಮೇಲ್ಮಿತಿಗೆ ಒಪ್ಪಿಗೆ ಕೊಡುತ್ತಾರೆ. ಅದರೊಳಗೆ ತಮಗೆ ಎಷ್ಟು ಅಂತ ಡೈರೆಕ್ಟರ್‌ಗಳೇ ಹಂಚಿಕೊಳ್ಳುತ್ತಾರೆ. ನನಗೆ ಇಡೀ ವಿಷಯದಲ್ಲಿ ತುಂಬಾ ಮುಖ್ಯ ಅನ್ನಿಸುವುದು ಇದೇ ಜಾಗ.

ಇದು ಕೋರ್ಟಿಗೂ ಹೋಯಿತು. ಇನ್ವೆಸ್ಟರ್ಸ್ ಬ್ಯಾಂಕಾರ್ಪ್ ಅನ್ನುವ ಕಂಪನಿಯ ಷೇರುದಾರರು 2015ರಲ್ಲಿ ಒಂದು ಷೇರು ಯೋಜನೆಗೆ ಒಪ್ಪಿಗೆ ಕೊಟ್ಟರು. ಆಮೇಲೆ ಅಲ್ಲಿನ ಡೈರೆಕ್ಟರ್‌ಗಳು ತಮಗೆ ತಾವೇ ನಿರ್ಬಂಧಿತ ಷೇರು ಮತ್ತು ಆಪ್ಷನ್ ಮಂಜೂರು ಮಾಡಿಕೊಂಡರು. ಹೊರಗಿನ ಡೈರೆಕ್ಟರ್‌ಗಳಿಗೆ ಸರಾಸರಿ ತಲಾ 20 ಲಕ್ಷ ಡಾಲರಿಗೂ ಮೇಲೆ. ಷೇರುದಾರರು ಕೇಸು ಹಾಕಿದರು. ಯೋಜನೆಗೆ ನೀವೇ ಒಪ್ಪಿದ್ದಿರಲ್ಲ ಅನ್ನುವುದು ಡೈರೆಕ್ಟರ್‌ಗಳ ವಾದ. ಡೆಲವೇರ್ ರಾಜ್ಯದ ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಅದನ್ನು ಒಪ್ಪಲಿಲ್ಲ. ಯೋಜನೆಗೆ ಒಪ್ಪಿದ ಮಾತ್ರಕ್ಕೆ ಡೈರೆಕ್ಟರ್‌ಗಳು ತಮ್ಮ ವಿವೇಚನೆಯಂತೆ ತಗೊಂಡ ಮೊತ್ತಕ್ಕೂ ಒಪ್ಪಿದ ಹಾಗಾಗಲ್ಲ, ಅದು ನ್ಯಾಯವಾಗಿದೆ ಅಂತ ಡೈರೆಕ್ಟರ್‌ಗಳೇ ತೋರಿಸಬೇಕಾಗಬಹುದು ಅಂತ ಹೇಳಿ ಕೇಸು ಮುಂದುವರಿಯಲು ಬಿಟ್ಟಿತು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಎಷ್ಟೋ ನೋಂದಣಿಯಾಗಿರುವುದು ಡೆಲವೇರ್‌ನಲ್ಲೇ. ಹಾಗಾಗಿ ಈ ತೀರ್ಪಿಗೆ ತೂಕ ಜಾಸ್ತಿ.

ನಮ್ಮ ದೇಶದಲ್ಲಿ ಹೇಗೆ?

ಇಲ್ಲಿ ದಾರಿ ಬೇರೆ. 2013ರ ಕಂಪನಿ ಕಾಯ್ದೆಯ 149ನೇ ಸೆಕ್ಷನ್ ನೇರವಾಗಿ ಹೇಳುತ್ತದೆ: ಸ್ವತಂತ್ರ ನಿರ್ದೇಶಕರಿಗೆ ಸ್ಟಾಕ್ ಆಪ್ಷನ್ ಇಲ್ಲ. ಅದಕ್ಕೂ ಮುಂಚೆ ಷೇರುದಾರರ ಒಪ್ಪಿಗೆ ಪಡೆದು ಒಂದು ಮಿತಿಯಲ್ಲಿ ಕೊಡಬಹುದಿತ್ತು. ನಮ್ಮಲ್ಲಿ ಆರ್‌ಎಸ್‌ಯು ಕೂಡ ಹೆಚ್ಚಾಗಿ ಮುಖಬೆಲೆಯ ಆಪ್ಷನ್ ರೂಪದಲ್ಲೇ ಬರುವುದರಿಂದ ಸ್ವತಂತ್ರ ನಿರ್ದೇಶಕರಿಗೆ ಆ ಬಾಗಿಲೂ ಮುಚ್ಚಿದೆ.

ಯೋಚನೆ ಏನೆಂದರೆ, ಕಣ ಕಾಯುವವನಿಗೆ ರಾಶಿಯಲ್ಲೇ ಪಾಲು ಕೊಟ್ಟರೆ ಅವನು ಅಳತೆಯನ್ನು ಸರಿಯಾಗಿ ನೋಡುತ್ತಾನಾ ಅನ್ನೋ ಅನುಮಾನ. ಷೇರಿನ ಬೆಲೆ ಮೇಲೇ ಕಣ್ಣಿಟ್ಟವರು ಕಂಪನಿಯ ಕೆಟ್ಟ ಸುದ್ದಿಯನ್ನು ಹೊರಗೆ ಹಾಕಲು ಹಿಂಜರಿಯಬಹುದು. ಬ್ರಿಟನ್ನಿನ ಕಂಪನಿ ಆಡಳಿತ ಸಂಹಿತೆ ಕೂಡ ಹೊರಗಿನ ನಿರ್ದೇಶಕರ ಸಂಭಾವನೆಯಲ್ಲಿ ಷೇರು ಆಪ್ಷನ್ ಇರಬಾರದು ಅನ್ನುತ್ತದೆ. ಪಾಲು ಇದ್ದರೆ ಕಾಳಜಿ ಬರುತ್ತದೆ ಅನ್ನುವುದು ಅಮೆರಿಕದ ನಂಬಿಕೆ, ಪಾಲು ಇದ್ದರೆ ಕಣ್ಣು ಮಂಜಾಗುತ್ತದೆ ಅನ್ನುವುದು ನಮ್ಮ ಕಾಯ್ದೆಯ ಅಂಜಿಕೆ. ಎರಡರಲ್ಲೂ ಹುರುಳಿದೆ.

ಹಾಗಾದರೆ ಇಲ್ಲಿನ ಸ್ವತಂತ್ರ ನಿರ್ದೇಶಕರಿಗೆ ಸಿಗುವುದೇನು? ಒಂದು ಮೀಟಿಂಗಿಗೆ ಗರಿಷ್ಠ 1 ಲಕ್ಷ ರೂಪಾಯಿ ಸಿಟ್ಟಿಂಗ್ ಫೀ. ಓಡಾಟದ ಖರ್ಚು. ಷೇರುದಾರರು ಒಪ್ಪಿದರೆ ಲಾಭದಲ್ಲಿ ಕಮಿಷನ್. ಕಂಪನಿಗೆ ಎಂಡಿ ಥರದವರು ಇದ್ದರೆ, ಹೊರಗಿನ ಡೈರೆಕ್ಟರ್‌ಗಳೆಲ್ಲರಿಗೂ ಸೇರಿ ನಿವ್ವಳ ಲಾಭದ ಶೇ 1, ಇಲ್ಲದಿದ್ದರೆ ಶೇ 3 ಅನ್ನುವುದು ಸಾಮಾನ್ಯ ಮಿತಿ. ಅದನ್ನು ದಾಟಬೇಕಾದರೆ ಷೇರುದಾರರ ವಿಶೇಷ ಒಪ್ಪಿಗೆ ಬೇಕು.

ಸ್ವತಂತ್ರರಲ್ಲದ ಡೈರೆಕ್ಟರ್‌ಗಳಿಗೆ ಷೇರು ಯೋಜನೆ ಇರಬಹುದು. ಆದರೆ ಪ್ರವರ್ತಕರಿಗೂ (ಕಂಪನಿ ಹುಟ್ಟುಹಾಕಿ ಹಿಡಿತದಲ್ಲಿಟ್ಟುಕೊಂಡವರು) ಶೇ 10ಕ್ಕಿಂತ ಹೆಚ್ಚು ಷೇರು ಹಿಡಿದ ಡೈರೆಕ್ಟರ್‌ಗಳಿಗೂ ಸಾಮಾನ್ಯವಾಗಿ ಇಲ್ಲ. ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಇದರಲ್ಲಿ ಕೆಲವು ವರ್ಷ ವಿನಾಯಿತಿ ಇದೆ. ಮೈಸೂರಿನ ಸ್ಟಾರ್ಟಪ್ ಒಂದು ನಿಮ್ಮನ್ನು ಬೋರ್ಡಿಗೆ ಕರೆದು ಷೇರು ಕೊಡುತ್ತೇವೆ ಅಂದರೆ, ಯಾವ ಹೆಸರಿನಲ್ಲಿ ಕೂರಿಸುತ್ತಿದ್ದೀರಿ ಅಂತ ಮೊದಲು ಕೇಳಿ. ಸ್ವತಂತ್ರ ನಿರ್ದೇಶಕ ಅಂತಲೂ ಬರೆದು, ಷೇರು ಆಪ್ಷನ್ ಅಂತಲೂ ಬರೆದಿದ್ದರೆ ಆ ಕಾಗದ ಸರಿಯಿಲ್ಲ.

ತೆರಿಗೆ: ಮೂರು ದಿನಾಂಕ ನೆನಪಿರಲಿ

ಮಂಜೂರಾದ ದಿನ, ಷೇರು ಪೂರ್ತಿ ನಿಮ್ಮದಾದ ದಿನ, ಮಾರಿದ ದಿನ. ತೆರಿಗೆ ಲೆಕ್ಕ ಓಡುವುದು ಈ ಮೂರರ ಸುತ್ತ.

ಮೊದಲು ಇಲ್ಲಿನ ನೌಕರರ ಉದಾಹರಣೆ, ಯಾಕೆಂದರೆ ಹೆಚ್ಚು ಮನೆಗಳಲ್ಲಿ ಬೇಕಾಗುವುದು ಇದೇ. ನಿಮ್ಮ ಮಗಳಿಗೆ 100 ಆರ್‌ಎಸ್‌ಯು ಇದೆ, ಕಟ್ಟಬೇಕಾದ ಬೆಲೆ 5 ರೂಪಾಯಿ. ಷೇರು ಅವಳ ಹೆಸರಿಗೆ ಬಂದ ದಿನ ಪೇಟೆ ಬೆಲೆ 1,500 ಅಂದುಕೊಳ್ಳಿ. ವ್ಯತ್ಯಾಸ 1,495, ಒಟ್ಟು 1,49,500 ರೂಪಾಯಿ. ಅದು ಸಂಬಳಕ್ಕೆ ಸೇರುತ್ತದೆ. ಒಂದು ಷೇರನ್ನೂ ಮಾರಿಲ್ಲದಿದ್ದರೂ ಅದಕ್ಕೆ ಟಿಡಿಎಸ್ ಕಟ್ ಆಗುತ್ತದೆ. ‘ಕೈಗೆ ದುಡ್ಡೇ ಬಂದಿಲ್ಲ, ಸಂಬಳ ಯಾಕೆ ಕಮ್ಮಿ ಬಂತು’ ಅಂತ ಕೇಳಿಕೊಂಡು ನಮ್ಮ ಆಫೀಸಿಗೆ ಬರುವವರ ಕಥೆ ಬಹಳ ಸಲ ಇದೇ ಆಗಿರುತ್ತದೆ. ಆಮೇಲೆ 1,700ಕ್ಕೆ ಮಾರಿದರೆ 1,500ರ ಮೇಲಿನ 200 ಮಾತ್ರ ಬಂಡವಾಳ ಲಾಭ. ಭಾರತದ ಪೇಟೆಯಲ್ಲಿರುವ ಷೇರಾದರೆ, 12 ತಿಂಗಳೊಳಗೆ ಮಾರಿದಾಗ ಶೇ 20. ಅದಕ್ಕಿಂತ ಹೆಚ್ಚು ಇಟ್ಟುಕೊಂಡಿದ್ದರೆ ವರ್ಷಕ್ಕೆ 1.25 ಲಕ್ಷ ದಾಟಿದ ಲಾಭಕ್ಕೆ ಶೇ 12.5. 2024ರ ಜುಲೈ 23ರಿಂದ ಬಂದ ದರ ಇದು.

ಅಮೆರಿಕದಲ್ಲಿ ನಿರ್ಬಂಧಿತ ಷೇರಿಗೆ ತೆರಿಗೆ ಸಾಮಾನ್ಯವಾಗಿ ಷರತ್ತು ಕಳಚಿದ ದಿನದ ಬೆಲೆಗೆ ಬೀಳುತ್ತದೆ. ಆದರೆ ಅಲ್ಲಿನ ಕಾನೂನಿನ 83(ಬಿ) ಅನ್ನುವ ಕಲಮು ಒಂದು ಆಯ್ಕೆ ಕೊಡುತ್ತದೆ. ‘ಮಂಜೂರಾದ ದಿನದ ಬೆಲೆಗೇ ಈಗಲೇ ತೆರಿಗೆ ಹಾಕಿ’ ಅಂತ 30 ದಿನದೊಳಗೆ ಬರೆದುಕೊಡಬಹುದು. ಬೆಲೆ ಏರಿದರೆ ಇದು ಲಾಭ. ಷೇರು ಕೈತಪ್ಪಿ ಹೋದರೆ ಕಟ್ಟಿದ ತೆರಿಗೆ ವಾಪಸ್ ಬರಲ್ಲ. 31ನೇ ದಿನ ಬರೆದುಕೊಟ್ಟರೆ ನಡೆಯಲ್ಲ.

ಮಾವನ ಥರ ಇಲ್ಲಿದ್ದುಕೊಂಡು ಅಲ್ಲಿನ ಡೈರೆಕ್ಟರ್ ಆದವರಿಗೆ ಎರಡು ದೇಶದ ಲೆಕ್ಕ. ಡೈರೆಕ್ಟರ್ ಸಂಭಾವನೆಗೆ ಕಂಪನಿ ಇರುವ ದೇಶವೂ ತೆರಿಗೆ ಹಾಕಬಹುದು ಅನ್ನುತ್ತದೆ ಭಾರತ–ಅಮೆರಿಕ ತೆರಿಗೆ ಒಪ್ಪಂದದ 17ನೇ ವಿಧಿ. ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಇನ್ನು ವಿದೇಶಿ ಷೇರು ಇದ್ದರೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಗೆಂದೇ ಇರುವ ‘ಷೆಡ್ಯೂಲ್ ಎಫ್‌ಎ’ಯಲ್ಲಿ ತೋರಿಸಲೇಬೇಕು, ಮಾರಿರಲಿ ಬಿಡಲಿ. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡದ ಅಪಾಯ ಇದೆ. ಸಣ್ಣ ಮೊತ್ತಕ್ಕೆ ಈಗ ದಂಡದಲ್ಲಿ ವಿನಾಯಿತಿ ಇದ್ದರೂ ತೋರಿಸುವ ಜವಾಬ್ದಾರಿ ಹೋಗಿಲ್ಲ. ನಮ್ಮೂರಿನಲ್ಲಿ ಇದನ್ನು ಮರೆಯುವವರು ತುಂಬಾ ಜನ, ಬೇಕಂತ ಅಲ್ಲ, ಗೊತ್ತಿಲ್ಲದೆ.

ಅತ್ತೆ ಕೇಳಿದ ಪ್ರಶ್ನೆ

ಮಾವ ಎಲ್ಲವನ್ನೂ ಕಾಗದದ ಅಂಚಿನಲ್ಲಿ ಬರೆದುಕೊಂಡರು. ಷೇರು ಯಾವತ್ತು ವೆಸ್ಟ್ ಆಗುತ್ತದೆ? ಡಿವಿಡೆಂಡ್ ಆಗಲೇ ಕೊಡುತ್ತಾರಾ, ಹಿಡಿದಿಡುತ್ತಾರಾ? ಕಂಪನಿಯನ್ನು ಇನ್ನೊಬ್ಬರು ಕೊಂಡುಕೊಂಡರೆ ಷರತ್ತು ಏನಾಗುತ್ತದೆ? ಎಷ್ಟು ಷೇರು ಕಡ್ಡಾಯವಾಗಿ ಇಟ್ಟುಕೊಂಡಿರಬೇಕು? ಒಳಗಿನ ಸುದ್ದಿ ಗೊತ್ತಿರುವಾಗ ಮಾರಬಾರದಲ್ಲ, ಹಾಗಾದರೆ ಯಾವ ದಿನಗಳಲ್ಲಿ ಮಾರಬಹುದು? ಸಹಿ ಹಾಕುವ ಮುಂಚೆ ಇವಕ್ಕೆಲ್ಲ ಕಾಗದದಲ್ಲೇ ಉತ್ತರ ಹುಡುಕಿಕೊಳ್ಳಬೇಕು.

ಅಷ್ಟು ಹೊತ್ತೂ ಮಾತಾಡದೆ ಕಾಳು ಹಿದುಕುತ್ತಿದ್ದ ಅತ್ತೆ ತಲೆಯೆತ್ತಿ ಕೇಳಿದರು: ‘ನಡುವೆ ಇವರಿಗೇನಾದ್ರೂ ಹೆಚ್ಚುಕಮ್ಮಿ ಆದ್ರೆ? ಅದೂ ವಾಪಸ್ಸಾ?’

ಒಳ್ಳೇ ಪ್ರಶ್ನೆ. ರಾಜೀನಾಮೆ ಕೊಟ್ಟು ಹೋಗುವುದೇ ಬೇರೆ, ತೀರಿಹೋಗುವುದು ಅಥವಾ ಹಾಸಿಗೆ ಹಿಡಿಯುವುದೇ ಬೇರೆ. ಅಂಥ ಸಂದರ್ಭದಲ್ಲಿ ಷರತ್ತು ಅವತ್ತೇ ಕಳಚಿ, ಷೇರು ಮನೆಯವರಿಗೆ ಸೇರುತ್ತದೆ ಅಂತ ಎಷ್ಟೋ ಯೋಜನೆಗಳಲ್ಲಿ ಬರೆದಿರುತ್ತದೆ. ಕೆಲವದರಲ್ಲಿ ಕೆಲಸ ಮಾಡಿದ ತಿಂಗಳ ಲೆಕ್ಕಕ್ಕೆ ಮಾತ್ರ. ಬರೆಯದೇ ಇದ್ದರೆ ಕೇಳಿ ಬರೆಸಿಕೊಳ್ಳಬೇಕು. ಮಾವನ ಕಾಗದವನ್ನು ಮತ್ತೆ ಮೊದಲಿಂದ ತಿರುವಿದೆವು. 11ನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಆ ಸಾಲು ಸಿಕ್ಕಿತು, ಪೂರ್ತಿ ಷೇರು ಮನೆಯವರಿಗೆ ಅಂತಲೇ ಇತ್ತು. ಮಾವ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಅತ್ತೆಯ ಹೆಸರು ಬರೆದರು.